ಉಡಿ ತುಂಬದ ಮನೆ

ಆಯಿಯ ಬಗ್ಗೆ ಬರೆಯಲು ಕೂತರೆ ಮೊದಲು ಅವಳ ಉಗುಳಿನ ಬಗ್ಗೆಯೇ ಬರೆಯಬೇಕಾಗುತ್ತದೆ. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಅವಳ ದವಡೆಯಲ್ಲಿ ಎಲೆ ತಂಬಾಕು ಇರುತ್ತಿತ್ತು. ಎದುರಿಗಿದ್ದವರ ಮಾತು ಹಿಡಿಸಿದರೆ ಅದನ್ನು ಒಂದು ಬದಿಗೆ ಒತ್ತಿಟ್ಟುಕೊಂಡು ಕೇಳುತ್ತಿದ್ದಳು. ಹಿಡಿಸದಿದ್ದರೆ ಎದ್ದು ಹೋಗಿ ಓಣಿಯ ಗಟಾರಕ್ಕೆ ಉಗುಳಿ ಬರುತ್ತಿದ್ದಳು. ಹೇಸಿಗೆಯೇ ಬಂದರೆ ಏಳುತ್ತಲೂ ಇರಲಿಲ್ಲ. ಕೂತಲ್ಲಿಂದಲೇ, ಮಾತಾಡುತ್ತಿದ್ದವರ ಕಾಲಿಗೆ ನಾಲ್ಕು ಬೆರಳು ಈಚೆ ಬೀಳುವಂತೆ ಉಗುಳುತ್ತಿದ್ದಳು. ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ನನ್ನ ಕಾಲಿನ ಮುಂದೆಯೂ ಎರಡು ಸಲ ಬಿದ್ದಿದೆ.

ಹೋದ ತಿಂಗಳು ಹುಮನಾಬಾದಿನಲ್ಲಿ ನನ್ನ ತಮ್ಮ ತೀರಿಕೊಂಡ. ಮಣ್ಣಿಗೆ ಊರಿಗೆ ಊರೇ ಬಂದಿತ್ತು. ದೇವರಂಥ ಮನುಷ್ಯ ಎಂದರು. ಒಬ್ಬರಿಗೆ ಎರಡು ಮಾತು ಆಡಿದವನಲ್ಲ ಎಂದರು. ನನಗೆ ನಾಲ್ಕಕ್ಷರ ಬರೆಯಲು ಬರುತ್ತದೆಂದು ತಿಳಿದ ಯಾರೋ, ಅಕ್ಕನಾಗಿ ನೀವೇ ಅವರ ಬಗ್ಗೆ ಬರೆದುಕೊಡಬೇಕು, ಅಚ್ಚು ಹಾಕಿಸುತ್ತೇವೆ ಎಂದು ಕೈ ಮುಗಿದರು. ಹೂಂ ಅಂದು ಬಸವಕಲ್ಯಾಣಕ್ಕೆ ವಾಪಸು ಬಂದೆ. ಬರೆಯಲು ಕೂತದ್ದೂ ಹೌದು. ಆದರೆ ತಮ್ಮನ ಬಗ್ಗೆ ಒಂದು ಸಾಲೂ ಒಳ್ಳೆಯದು ಬರೆಯಲು ಕೈ ಬರಲಿಲ್ಲ. ಹಾಗಾಗಿ ಆಯಿಯ ಬಗ್ಗೆ ಬರೆಯುತ್ತಿದ್ದೇನೆ.

ಅವಳಿಗೊಂದು ಹೆಸರಿತ್ತು. ಊರಿನವರು ಅದನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೌದಿ ಹೊಲಿಯುತ್ತಿದ್ದಳಾದ್ದರಿಂದ ಕೌದಿ ಆಯಿ, ಬರಬರುತ್ತ ಬರೀ ಆಯಿ. ಈಗಿನ ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ನಿಜಾಮನ ಕಾಲ. ಕಿಲ್ಲೆಯ ಹಿಂದಿನ ಓಣಿಯಲ್ಲಿ ನಮ್ಮದು ಮೂರನೆಯ ಮನೆ, ಅವಳದು ಕೊನೆಯದು. ಘಾಟಬೋರಾಳದ ಕಡೆಯ ಕುರಿ ಕಾಯುವವರ ಮನೆಯ ಮಗಳು. ಗಂಡ ಸತ್ತ ಮೇಲೆ ಒಬ್ಬಳೇ ಬಂದು ಆ ಮುರುಕು ಮನೆ ಹಿಡಿದು ಕೂತಿದ್ದಳು. ಎಡಗೈಯ ಹೆಬ್ಬೆರಳು ಹಿಂದಕ್ಕೆ ಹೊರಳಿ ಹಾಗೆಯೇ ಕೂಡಿಕೊಂಡಿತ್ತು. ಆ ಬೆರಳಿನಿಂದಲೇ ಬಟ್ಟೆ ಒತ್ತಿ ಹಿಡಿದು ಬಲಗೈಯಿಂದ ಸೂಜಿ ಓಡಿಸುತ್ತಿದ್ದಳು. ಗಂಡ ಹೇಗೆ ಸತ್ತ ಎಂದು ಹೊಸದಾಗಿ ಮದುವೆಯಾಗಿ ಬಂದ ನಾನು ಮರುಕದಿಂದ ಕೇಳಿದ್ದೆ. ಅವನು ಸತ್ತ ದಿನ ತಾನು ಹೊಟ್ಟೆ ತುಂಬ ಉಂಡೆ ಎಂದಳು. ನಾನು ಬೆಚ್ಚಿಬಿದ್ದು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ, ಆ ಹೆಂಗಸಿನ ಬಾಯಿ ಹೊಲಸು, ಹೆಚ್ಚು ಹೋಗಬೇಡ ಎಂದರು.

ಹೋಗದೆ ನಡೆಯುತ್ತಿರಲಿಲ್ಲ. ಓಣಿಯ ಎಲ್ಲ ಮನೆಯ ಹಳೆ ಸೀರೆ, ಹಳೆ ಧೋತರ ಅವಳ ಹತ್ತಿರವೇ ಹೋಗಬೇಕು. ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ ನಡುವಿನ ತನಕ ಹೊಲಿಗೆ ಹಾಕುತ್ತ ಬರುತ್ತಿದ್ದಳು. ಗಂಟು ಬಿಚ್ಚಿದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು. ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿಯಿದೆ ಎಂದು ನೋಡಿ ಸವೆದದ್ದನ್ನು ಒಳಗೆ, ಗಟ್ಟಿಯದನ್ನು ಮೇಲೆ ಹಾಕಬೇಕಲ್ಲ. ಹೀಗೆ ನೋಡಿ ನೋಡಿ ಓಣಿಯ ಯಾವ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಅವಳಿಗೆ ಯಾರೂ ಹೇಳದೆ ಗೊತ್ತಿತ್ತು. ಗೊತ್ತಿದ್ದುದನ್ನು ಇನ್ನೊಬ್ಬರ ಮನೆಯಲ್ಲಿ ಆಡಿದ್ದನ್ನು ಮಾತ್ರ ನಾನು ಕೇಳಿಲ್ಲ.

ಇನ್ನು ನನ್ನ ತಮ್ಮನ ಕಥೆಗೆ ಬರಬೇಕು, ಬೇಡವೆಂದರೂ.

ನಮ್ಮ ಅವ್ವ ತೀರಿಕೊಂಡಾಗ ಅವನಿಗೆ ಎರಡು ವರ್ಷ. ನಾನೇ ತುತ್ತು ಮಾಡಿ ಉಣಿಸಿ ಬೆಳೆಸಿದೆ. ದೊಡ್ಡವನಾಗಿ ಹುಮನಾಬಾದಿನಲ್ಲಿ ಕಾಳಿನ ಅಂಗಡಿ ಇಟ್ಟ. ಮೆಲು ಮಾತು, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಎದುರಿಗೆ ಬಂದವರಿಗೆಲ್ಲ ತಾನೇ ಮೊದಲು ಶರಣು ಹೇಳುತ್ತಿದ್ದ. ಅವನಿಗೆ ಹೆಣ್ಣು ನೋಡಿದವಳೂ ನಾನೇ. ಕಾಶಮ್ಮ ಎಂದು ಅವಳ ಹೆಸರು. ಅವ್ವ ಅಪ್ಪ ಇಲ್ಲ, ಸೋದರಮಾವನ ಮನೆಯಲ್ಲಿ ಬೆಳೆದವಳು. ತವರಿನ ಆಸರೆ ಇಲ್ಲದ ಹುಡುಗಿಯಾದರೆ ತಗ್ಗಿ ಬಗ್ಗಿ ನಡೆಯುತ್ತಾಳೆ ಎಂದು ಆಗ ನಾನೇ ಎಲ್ಲರ ಮುಂದೆ ಹೇಳಿದ್ದು ನೆನಪಿದೆ. ಈಗ ಅದನ್ನು ಬರೆಯುವಾಗಲೂ ಮೈ ಮೇಲೆ ಹುಳ ಹರಿದಂತಾಗುತ್ತದೆ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಕಾಶಮ್ಮ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತಳು. ಹುಮನಾಬಾದಿನಿಂದ ರಾಜೇಶ್ವರದ ತನಕ ಯಾರದೋ ಬಂಡಿ, ಅಲ್ಲಿಂದ ನಡಿಗೆ. ತುಟಿ ಒಡೆದು ಬಾತಿತ್ತು. ಸೀರೆ ಹೆಗಲ ಮೇಲೆ ಹರಿದು ಜೋತಿತ್ತು. ಅವಳಿಗೆ ಬೇರೆ ಊರಿಲ್ಲ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನಾನಿದ್ದೇನೆ ಎಂದು ಬಂದಿದ್ದಳು. ನಾನು ಅರಿಶಿನ ಹಚ್ಚಿದೆ, ನೀರು ಕಾಯಿಸಿ ಎರೆದೆ, ಬಿಸಿ ರೊಟ್ಟಿ ತಟ್ಟಿ ಹಾಕಿದೆ, ನನ್ನ ಸೀರೆ ಉಡಿಸಿದೆ. ಇಷ್ಟೆಲ್ಲ ಮಾಡುತ್ತ ನಾನು ಅವಳನ್ನು ಕೇಳಿದ್ದು ಒಂದೇ ಮಾತು, ಏನು ಮಾಡಿದ್ದಿ, ಯಾಕೆ ಹೊಡೆದ ಎಂದು. ಮತ್ತೆ ಮತ್ತೆ ಕೇಳಿದೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಎಂದಳು. ನೋಡು, ಸ್ವಲ್ಪ ನೋಡಿಕೊಂಡು ಹಾಕಬೇಕವ್ವಾ ಎಂದೆ.

ಮರುದಿನ ತಮ್ಮ ಬಂದ. ನನ್ನ ಕಾಲಿಗೆ ಬಿದ್ದು ಅತ್ತ. ಅಂಗಡಿಯ ತಲೆಬಿಸಿ, ಏನೋ ಒಂದು ಗಳಿಗೆ ಕೈ ಎತ್ತಿಬಿಟ್ಟೆ, ಇನ್ನು ಹೀಗಾಗುವುದಿಲ್ಲ ಎಂದ. ಅವನ ಅಳು ನೋಡಿ ನನಗೂ ಅಳು ಬಂತು. ಸೆರಗಿನಿಂದ ಅವನ ಮುಖ ಒರೆಸಿದೆ. ಹಿಂದಿನ ದಿನ ಆ ಹುಡುಗಿಯ ಬಾಯಿಂದ ರಕ್ತ ಒಸರುವುದನ್ನು ನೋಡಿದಾಗ ಬಾರದ ಅಳು ಅದು. ಆಮೇಲೆ ನಮ್ಮ ಕಡೆಯ ಪದ್ಧತಿಯಂತೆ ಕಾಶಮ್ಮನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದೆ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎಲೆ ಅಡಿಕೆ, ಕುಬಸದ ಖಣ. ಉಡಿ ತುಂಬಿಸಿಕೊಂಡ ಹೆಣ್ಣು ಹೊರಳಿ ನೋಡಬಾರದು, ನೆಟ್ಟಗೆ ಗಂಡನ ಮನೆಗೆ ಹೋಗಬೇಕು. ಅಕ್ಕಿ ಚೆಲ್ಲದ ಹಾಗೆ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವಳು ಅವನ ಹಿಂದೆ ನಡೆದಳು. ಕೈ ಎರಡೂ ಉಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಕಣ್ಣೀರು ಒರೆಸಿಕೊಳ್ಳಲೂ ಆಗಲಿಲ್ಲ. ನಾನು ಬಾಗಿಲಲ್ಲಿ ನಿಂತು, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಅವಳು ಬಿಟ್ಟು ಹೋದ ಹರಿದ ಸೀರೆ ಹಳೆ ಬಟ್ಟೆಯ ಗಂಟಿನೊಳಗೆ ಸೇರಿ ಆಯಿಯ ಮನೆಗೆ ಹೋಯಿತು. ಆಯಿ ಅದನ್ನು ಬೆಳಕಿಗೆ ಹಿಡಿದಳು. ಯಾರದು ಎಂದು ಕೇಳಿದಳು. ನನ್ನ ತಮ್ಮನ ಹೆಂಡತಿಯದು, ಬರುವಾಗ ಜಾಲಿ ಮುಳ್ಳಿಗೆ ಸಿಕ್ಕಿ ಹರಿಯಿತು ಎಂದೆ. ಆಯಿ ಸೀರೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಮುಳ್ಳಿಗೆ ಸಿಕ್ಕ ಸೀರಿ ಕೆಳಗ ಹರೀತದ, ಎಳಿ ಎಳಿ ಆಗಿ. ಇದು ಹೆಗಲ ಮ್ಯಾಲ ಹರದದ, ಹಿಡಿ ತುಂಬ. ಜಾಲಿ ಗಿಡಕ್ಕ ಕೈ ಇರ್ತಾವೇನು?"

ಆಮೇಲೆ ಉಗುಳಿದಳು. ನನ್ನ ಕಾಲಿಗೆ ನಾಲ್ಕು ಬೆರಳು ಈಚೆ. ನಾನು ಸಿಟ್ಟಾಗಿ ಎದ್ದು ಬಂದೆ. ನಮ್ಮ ಮನೆಯ ಮಾತಿಗೆ ಕುರಿ ಕಾಯುವವರ ಮುದುಕಿ ಬಾಯಿ ಹಾಕುವುದೆಂದರೇನು ಎಂದು ಯಜಮಾನರ ಹತ್ತಿರ ದೂರಿದೆ. ಅವರೂ ಹೌದೆಂದರು. ಇಜ್ಜತ್ ಎಂಬ ಮಾತನ್ನು ಅವತ್ತು ನಮ್ಮ ಮನೆಯಲ್ಲಿ ಎಷ್ಟು ಸಲ ಆಡಿದೆವೋ.

ಎರಡನೆಯ ಸಲ ಕಾಶಮ್ಮ ಬಂದದ್ದು ಎಂಟು ತಿಂಗಳ ಮೇಲೆ. ಈ ಸಲ ಎರಡು ಹಲ್ಲು ಇರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸೂ ಇರಲಿಲ್ಲ. ನಾನು ಮತ್ತೆ ಅರಿಶಿನ ತೇಯ್ದೆ, ಮತ್ತೆ ಅದೇ ಮಾತು ಕೇಳಿದೆ. ಅಷ್ಟರಲ್ಲಿ ಆಯಿ ಒಂದು ಅರೆಹೊಲಿದ ಕೌದಿ ಹೆಗಲ ಮೇಲೆ ಹಾಕಿಕೊಂಡು ಬಂದಳು. ಹಾಸಿ ಅಳತೆ ನೋಡಬೇಕು, ತನ್ನ ಮನೆಯಲ್ಲಿ ಜಾಗ ಸಾಲದು ಎಂದು ನೆವ ಹೇಳಿ ಪಡಸಾಲೆಯಲ್ಲಿ ಕೂತಳು. ಕಾಶಮ್ಮನನ್ನು ಕರೆದು ಒಂದು ತುದಿ ಹಿಡಿಯಲು ಹೇಳಿದಳು. ಒಂದು ತಾಸು ಇಬ್ಬರೂ ಹೊಲಿಗೆ ಹಾಕಿದರು. ಆಯಿ ಏನೂ ಕೇಳಲಿಲ್ಲ. ನಾನು ಒಳಗಿನಿಂದ ಬಂದು, ಇವಳೂ ಸ್ವಲ್ಪ ಬಾಯಿ ಬಿಗಿ ಹಿಡಿಯಬೇಕಲ್ಲ ಆಯಿ, ಯಾಕೆ ಹೊಡೆಸಿಕೊಳ್ಳುತ್ತಾಳೋ ಕೇಳು ಎಂದೆ. ಆಯಿ ಸೂಜಿ ನಿಲ್ಲಿಸಿದಳು.

"ಯಾಕಂತ ಹೊಡಸ್ಕೊಂಡಾಕಿನ್ನ ಕೇಳಬ್ಯಾಡ. ನಾಳಿಗಿ ನಿನ್ನ ತಮ್ಮ ಬರ್ತಾನಲ್ಲ, ಅವಂಗ ಕೇಳು."

ನಾನು ಕೇಳಲಿಲ್ಲ. ಅವನು ಬಂದ, ಅತ್ತ, ನಾನು ಮುಖ ಒರೆಸಿದೆ, ಉಡಿ ತುಂಬಿದೆ. ಆದರೆ ಹೊಲಿಗೆ ಹಾಕುತ್ತ ಆಯಿ ಕಾಶಮ್ಮನಿಗೆ ಮೆಲ್ಲಗೆ ಏನೋ ಹೇಳಿದ್ದು ನನಗೆ ಅರ್ಧಂಬರ್ಧ ಕೇಳಿಸಿತ್ತು. ತನ್ನ ಬಾಗಿಲಿಗೆ ಅಗಳಿ ಇಲ್ಲ ಎಂದಳು. ಕೌದಿಗೆ ಹಳೆ ಬಟ್ಟೆ ಕಳಿಸಿಕೊಡು ಎಂದಳು. ಮುದುಕಿ ಗಿರಾಕಿ ಹುಡುಕುತ್ತಿದ್ದಾಳೆ ಎಂದುಕೊಂಡು ನಾನು ಸುಮ್ಮನಾದೆ.

ತಿಂಗಳೊಪ್ಪತ್ತಿನಲ್ಲಿ ಹುಮನಾಬಾದಿನಿಂದ ಬಟ್ಟೆಯ ಗಂಟು ಬಂತು. ತಂದವನು ನನ್ನ ತಮ್ಮನೇ. ಕಾಳು ತರಲು ಬಂಡಿ ಕಟ್ಟಿಕೊಂಡು ಬಂದಿದ್ದ. ಹೆಂಡತಿ ಕೌದಿಗೆಂದು ಹಳೆ ಬಟ್ಟೆ ಕೊಟ್ಟಿದ್ದಾಳೆ, ಆ ಮುದುಕಿಗೆ ಕೊಡು ಎಂದು ನಗುತ್ತ ಇಳಿಸಿದ. ನಾನೇ ಹೊತ್ತುಕೊಂಡು ಹೋಗಿ ಆಯಿಯ ಮುಂದೆ ಇಟ್ಟೆ. ಆಯಿ ನನ್ನೆದುರಿಗೆ ಗಂಟು ಬಿಚ್ಚಲಿಲ್ಲ. ಇರಲಿ ಎಂದು ಮೂಲೆಗೆ ತಳ್ಳಿದಳು. ಅದರೊಳಗೆ ಏನಿತ್ತೆಂದು ಗೊತ್ತಾದದ್ದು ಆಮೇಲೆ. ಮೇಲೆ ಎರಡು ಚಿಂದಿ, ಒಳಗೆ ಕಾಶಮ್ಮನ ಮೂರು ಒಳ್ಳೆಯ ಸೀರೆ, ಕುಬಸಗಳು, ಅವಳ ಅವ್ವನ ಹಿತ್ತಾಳೆ ತಂಬಿಗೆ. ಹೊಡೆಯುವ ಗಂಡನ ಬಂಡಿಯಲ್ಲಿಯೇ, ಅವನ ಕೈಯಿಂದಲೇ, ನನ್ನ ತಲೆಯ ಮೇಲೆಯೇ ಆಯಿ ಆ ಹುಡುಗಿಯ ಸಾಮಾನು ತರಿಸಿಕೊಂಡಿದ್ದಳು.

ಮೂರನೆಯ ಸಲ ನಾನು ನಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದೆ. ಓಣಿಯ ಆ ತುದಿಯಿಂದ ಕಾಶಮ್ಮ ಬರುವುದು ಕಂಡಿತು. ಒಂದು ಕಾಲು ಎಳೆದುಕೊಂಡು ಬರುತ್ತಿದ್ದಳು. ನಾನು ಮೊರ ಇಟ್ಟು ಎದ್ದೆ. ಅವಳು ನನ್ನನ್ನು ನೋಡಿದಳು. ನೋಡಿ, ನಮ್ಮ ಮನೆ ದಾಟಿ, ಮುಂದೆ ಹೋದಳು. ಆಯಿಯ ಮನೆಯೊಳಗೆ ಹೊಕ್ಕಳು. ಆಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅವಮಾನವಾಗಿತ್ತು. ಓಣಿಯವರು ಏನೆಂದಾರು ಎಂದು ಯೋಚಿಸುತ್ತಿದ್ದೆ.

ನಾಲ್ಕು ದಿನಕ್ಕೆ ತಮ್ಮ ಬಂದ. ಈ ಸಲ ಒಬ್ಬನೇ ಬರಲಿಲ್ಲ, ಹುಮನಾಬಾದಿನಿಂದ ಬಿಳಿ ರುಮಾಲಿನ ಹಿರಿಯರೊಬ್ಬರನ್ನು ಕರೆತಂದ. ನಮ್ಮ ಓಣಿಯ ಇಬ್ಬರು ಹಿರಿಯರು ಕೂಡಿಕೊಂಡರು. ಎಲ್ಲರೂ ಆಯಿಯ ಮನೆಗೆ ಹೊರಟರು. ನಾನೂ ಹೊರಟೆ. ನನಗೆ ಯಾರೂ ಹೇಳಿರಲಿಲ್ಲ, ಆದರೂ ಒಂದು ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಖಣ, ಅರಿಶಿನ ಕೊಂಬು ಹೊಂದಿಸಿಕೊಂಡೇ ಹೋದೆ. ಹುಡುಗಿ ಬರುವುದಿಲ್ಲ ಎಂದರೆ ಏನು ಮಾಡುವುದು ಎಂದು ಯೋಚಿಸಲಿಲ್ಲ, ಉಡಿಗೆ ಅಕ್ಕಿ ಕಡಿಮೆ ಬೀಳಬಾರದು ಎಂದು ಯೋಚಿಸಿದೆ.

ಆಯಿ ಬರ್ರಿ ಅಂದಳು. ನೆಲ ತಣ್ಣಗದ ಎಂದು ಒಂದು ಹೊಸ ಕೌದಿ ಹಾಸಿದಳು. ಮೂವರು ಹಿರಿಯರು, ನನ್ನ ತಮ್ಮ, ಅದರ ಮೇಲೆ ಕೂತರು. ಕಾಶಮ್ಮ ಒಳಗೆ ಒಲೆಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಿಳಿ ರುಮಾಲಿನವರು ಮಾತು ತೆಗೆದರು. ಗಂಡ ಹೆಂಡಿರ ತಕರಾರು ನಾಲ್ಕು ಗೋಡೆಯೊಳಗೆ ಇರಬೇಕು ಎಂದರು. ಹುಡುಗ ತಪ್ಪು ಒಪ್ಪಿಕೊಂಡಿದ್ದಾನೆ, ಆಣೆ ಮಾಡಿದ್ದಾನೆ ಎಂದರು. ಹೆಣ್ಣು ಎಂದ ಮೇಲೆ ಒಂದೇಟು ತಾಳಿಕೊಳ್ಳಬೇಕು, ತಮ್ಮ ಮನೆಯಲ್ಲಿಯೂ ಇರುವುದೇ ಎಂದು ಹೇಳಿ ನಕ್ಕರು. ಉಳಿದವರೂ ನಕ್ಕರು. ಆ ನಗೆ ಇವತ್ತಿಗೂ ಕಿವಿಯಲ್ಲಿದೆ, ಅದನ್ನು ತೊಳೆದುಕೊಳ್ಳಲು ಆಗಿಲ್ಲ.

ಆಯಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನೀವು ಕುಂತೀರಲ್ಲ, ಅದು ಅಕಿ ಸೀರಿರಿ" ಎಂದಳು. "ಹೆಗಲ ಮ್ಯಾಲ ಜಗ್ಗಿ ಹರದಾನ. ಅದಕ್ಕ ತ್ಯಾಪಿ ಹಾಕಿಲ್ಲ, ಹಾಂಗೇ ಬಿಟ್ಟೀನಿ. ನಿಮ್ಮ ಮೊಣಕಾಲ ಕೆಳಗ ಅದ, ನೋಡ್ರಿ."

ನಾನು ನೋಡಿದೆ. ಜಾಲಿ ಮುಳ್ಳಿಗೆ ಸಿಕ್ಕಿತ್ತೆಂದು ನಾನು ಹೇಳಿದ್ದ ಸೀರೆ. ಕೌದಿಯ ಮೇಲ್ಪದರಕ್ಕೆ ಅದನ್ನೇ ಹಾಕಿದ್ದಳು, ಹಿಡಿಯಷ್ಟು ಹರಿದ ಜಾಗ ಬಾಯಿ ಬಿಟ್ಟುಕೊಂಡಿತ್ತು. ಈಗ ಇವರು ಎದ್ದು ನಿಲ್ಲುತ್ತಾರೆ ಎಂದು ನಾನು ಅಂದುಕೊಂಡೆ. ಒಬ್ಬರೂ ಏಳಲಿಲ್ಲ. ಬಿಳಿ ರುಮಾಲಿನವರು ಮೊಣಕಾಲು ಬದಲಿಸಿ ಕೂತರು, ಅಷ್ಟೇ. ಜೀವನದಲ್ಲಿ ಹುಳ ಬಿದ್ದ ಅನ್ನ ನೋಡಿದ್ದೇನೆ, ಕೊಳೆತ ಗಾಯ ತೊಳೆದಿದ್ದೇನೆ. ಆ ಮೊಣಕಾಲು ಬದಲಿಸಿದ್ದನ್ನು ನೋಡಿದಾಗ ಆದಷ್ಟು ಹೇಸಿಗೆ ಮತ್ತೆಂದೂ ಆಗಿಲ್ಲ.

ಸಾಕಿನ್ನು, ಹುಡುಗಿಯನ್ನು ಕಳಿಸಿಕೊಡು ಎಂದರು ಅವರು. ಆಯಿ ಆಗಲಿ ಎಂದಳು. ಹೆಣ್ಣುಮಗಳನ್ನು ಹೇಗೆ ಕಳಿಸುತ್ತಾರೆ, ನೀವೇ ಹೇಳಿ ಎಂದಳು. ಉಡಿ ತುಂಬಿ ಕಳಿಸುತ್ತಾರೆ ಎಂದರು. ನಾನು ತುಂಬಬಹುದೇ ಎಂದು ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು. ಗಂಡ ಸತ್ತವಳು ಉಡಿ ತುಂಬುವಂತಿಲ್ಲ, ಅದು ಕೂಸಿಗೂ ಗೊತ್ತು. ನೀನು ಹೇಗೆ ತುಂಬುತ್ತಿ, ಅವನ ಅಕ್ಕ ಬಂದಿದ್ದಾಳಲ್ಲ, ಅವಳು ತುಂಬುತ್ತಾಳೆ ಎಂದು ನನ್ನ ಕಡೆ ಕೈ ಮಾಡಿದರು. ನಾನು ತಾಟು ಹಿಡಿದುಕೊಂಡು ಮುಂದೆ ಬಂದೆ. ಆಗ ಆಯಿ ಎರಡನೆಯ ಸಲ ನನ್ನ ಕಾಲಿನ ಮುಂದೆ ಉಗುಳಿದಳು.

"ತುಂಬಲಿ, ನಾ ಬ್ಯಾಡ ಅನ್ನಂಗಿಲ್ಲ" ಎಂದಳು. "ಆದ್ರ ಇದು ಗಂಡ ಸತ್ತ ರಂಡಿ ಮನಿ ಅದರಿ. ಈ ಹೊಸ್ತಿಲ ಒಳಗ ಇದುವರೆಗೂ ಯಾರ ಉಡಿಗೂ ಒಂದ್ ಕಾಳು ಅಕ್ಕಿ ಬಿದ್ದಿಲ್ಲ. ಬಿದ್ರ ಅಕಿ ಗಂಡ ಉಳಿಯಂಗಿಲ್ಲ ಅಂತಾರ. ನಾ ಅಂದಿದ್ದಲ್ಲ, ನೀವೇ ಅಂದಿದ್ದು. ಅದಕ್ಕೇ ನನ್ನ ಯಾವ ಮದುವಿಗೂ ಕರಿಯಂಗಿಲ್ಲ ನೀವು. ತುಂಬ್ರಿ. ಉಳದ್ರ ಉಳಿಲಿ."

ನಾನು ಹಿಡಿ ಅಕ್ಕಿ ಎತ್ತಿದ್ದೆ. ನನ್ನ ತಮ್ಮ ಎದ್ದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾ, ಬ್ಯಾಡ. ಇಲ್ಲಿ ತುಂಬಬ್ಯಾಡ."

ಹೆಂಡತಿಯ ಹಲ್ಲು ಉದುರಿಸಿದವನು, ಹೊಟ್ಟೆಯೊಳಗಿನ ಕೂಸಿನ ಮೇಲೆ ಒದ್ದವನು, ಒಂದು ಹಿಡಿ ಅಕ್ಕಿಗೆ ಹೆದರಿ ನಿಂತಿದ್ದ. ಹಿರಿಯರೂ ಹೆದರಿದರು. ಹಾಗಾದರೆ ಹುಡುಗಿ ಹೊರಗೆ ಬರಲಿ, ಓಣಿಯಲ್ಲಿ ನಿಲ್ಲಿಸಿ ತುಂಬೋಣ ಎಂದರು. ಕಾಲು ಅವಳವು, ಬಂದರೆ ಬರಲಿ ಎಂದಳು ಆಯಿ. ಎಲ್ಲರೂ ಒಳಗೆ ನೋಡಿದರು. ಕಾಶಮ್ಮ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿಗೆ ಕಚ್ಚಿ ಹರಿಯಲು ಹೋದಳು. ಮುಂದಿನ ಹಲ್ಲಿರಲಿಲ್ಲ, ದವಡೆಗೆ ಸೇರಿಸಿ ಕಚ್ಚಿದಳು.

"ನಾ ಬರಂಗಿಲ್ಲ" ಎಂದಳು.

ಮದುವೆಯಾದಾಗಿನಿಂದ ಅವಳು ನನ್ನ ತಮ್ಮನ ಎದುರಿಗೆ ಆಡಿದ ಅಷ್ಟು ಗಟ್ಟಿ ಮಾತು ನಾನು ಕೇಳಿದ್ದು ಅದೇ ಮೊದಲು. ಅವರು ಇನ್ನೂ ಅರ್ಧ ತಾಸು ಹೊರಗೆ ನಿಂತು ಕೂಗಾಡಿ ಹೋದರು. ನಾನು ತಾಟು ಮನೆಗೆ ತಂದೆ. ಅದೇ ಅಕ್ಕಿ ತೊಳೆದು ಅನ್ನಕ್ಕಿಟ್ಟೆ. ತಮ್ಮ ಹೊಟ್ಟೆ ತುಂಬ ಉಂಡ. ನಾನೇ ಬಡಿಸಿದೆ.

ಆಮೇಲೆ ಆಯಿಗೆ ಯಾರೂ ಬಟ್ಟೆ ಕೊಡಬಾರದು ಎಂದು ಹಿರಿಯರು ಹೇಳಿದರು. ಗಂಡಸರು ಹೂಂ ಎಂದರು. ಹೆಂಗಸರು ನೀರಿಗೆ ಹೋಗುವಾಗ ಕೊಡದ ತಳಕ್ಕೆ ಸುತ್ತಿಟ್ಟುಕೊಂಡು ಹೋಗಿ ಕೊಟ್ಟು ಬಂದರು. ಮುಸಲ್ಮಾನರ ಓಣಿಯಿಂದ ಬುರುಕಿಯ ಒಳಗೆ ಗಂಟು ಬಂದವು. ಮೊದಲಿಗಿಂತ ಹೆಚ್ಚೇ ಬಂದವು ಎಂದು ಆಯಿ ನಗುತ್ತಿದ್ದಳು. ಗಂಟು ಬಿಚ್ಚಿ ಬೆಳಕಿಗೆ ಹಿಡಿಯುವ ಕೆಲಸ ಈಗ ಇಬ್ಬರದಾಯಿತು. ಹೆಗಲ ಮೇಲೆ ಹರಿದ ಸೀರೆ ಬಂದರೆ ಅದನ್ನು ತಂದವಳಿಗೆ ಒಂದು ತುದಿ ಹಿಡಿಯಲು ಹೇಳಿ ಕೂಡಿಸಿಕೊಳ್ಳುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಒಬ್ಬಿಬ್ಬರು ಆ ಮನೆಯಲ್ಲಿ ನಾಲ್ಕು ದಿನ ಉಳಿದು ಹೋದದ್ದೂ ಇದೆ. ಕಾಶಮ್ಮ ಬಂದ ಮೊದಲ ಹದಿನೈದು ದಿನ ಇಬ್ಬರೂ ಉಣ್ಣು, ಮಲಗು ಎಂಬ ಎರಡು ಮಾತು ಬಿಟ್ಟರೆ ಬೇರೆ ಆಡಲಿಲ್ಲವಂತೆ. ಇದನ್ನು ಪಕ್ಕದ ಮನೆಯವಳು ನನಗೆ ಹೇಳಿದಳು. ಆಯಿಯಾಗಲಿ ಕಾಶಮ್ಮನಾಗಲಿ ನನ್ನ ಹತ್ತಿರ ಹೇಳುವ ಮಾತು ಉಳಿದಿರಲಿಲ್ಲ.

ಕುರಿ ಕಾಯುವವರ ಮನೆಯಲ್ಲಿ ಉಂಡವಳನ್ನು ಇನ್ನು ಕರೆದುಕೊಳ್ಳುವುದು ಹೇಗೆ ಎಂದು ನನ್ನ ತಮ್ಮ ಹುಮನಾಬಾದಿನಲ್ಲಿ ಹೇಳಿಕೊಂಡು ತಿರುಗಿದ. ಅದು ಅವನಿಗೆ ಒಳ್ಳೆಯದೇ ಆಯಿತು. ವರ್ಷದೊಳಗೆ ಚಿಟಗುಪ್ಪದ ಒಂದು ಹುಡುಗಿಯನ್ನು ತಂದುಕೊಂಡ. ಹದಿನೈದು ಹದಿನಾರು ವರ್ಷದ ಹುಡುಗಿ, ಬಳೆ ಕೈ ತುಂಬ ಇಟ್ಟುಕೊಂಡು ಅವುಗಳ ಸದ್ದು ತಾನೇ ಕೇಳುತ್ತ ಕೂತಿರುತ್ತಿತ್ತು. ನಾನು ಆ ಮದುವೆಗೆ ಹೋದೆ. ಅವಳಿಗೆ ಒಂದು ಮಾತು ಹೇಳಬಹುದಾಗಿತ್ತು. ಅವಳ ಅವ್ವನಿಗಾದರೂ ಹೇಳಬಹುದಾಗಿತ್ತು. ಹೇಳಲಿಲ್ಲ. ಮನೆ ತುಂಬಿಸಿಕೊಳ್ಳುವಾಗ ಅವಳ ಉಡಿ ತುಂಬಿದವಳೂ ನಾನೇ.

ಎರಡು ವರ್ಷಕ್ಕೆ ಆ ಹುಡುಗಿ ಬಾವಿಗೆ ಬಿದ್ದಳೆಂದು ಸುದ್ದಿ ಬಂತು. ನೀರು ಸೇದುವಾಗ ಕಾಲು ಜಾರಿತು ಎಂದರು. ನಾವೂ ಹಾಗೆಯೇ ಹೇಳಿದೆವು. ಹುಮನಾಬಾದಿನಿಂದ ವಾಪಸು ಬಂದ ದಿನ ನನ್ನ ಕಾಲು ತಾವಾಗಿಯೇ ಆಯಿಯ ಮನೆಗೆ ನಡೆದವು. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಾಗಿತ್ತು. ಹೊಸ್ತಿಲ ಹೊರಗೆ ನಿಂತು ಹೇಳಿದೆ. ಕಾಶಮ್ಮ ಕೇಳಿ ಒಳಗೆದ್ದು ಹೋದಳು. ಆಯಿ ಸೂಜಿ ಕೆಳಗಿಟ್ಟು ನನ್ನನ್ನು ನೋಡಿದಳು.

"ಅಕಿ ಉಡಿ ಯಾರು ತುಂಬಿದ್ರು?"

ಅಷ್ಟೇ ಕೇಳಿದಳು. ಉಗುಳುತ್ತಾಳೆ ಎಂದು ಕಾಲು ಹಿಂದೆ ತೆಗೆದಿದ್ದೆ. ಉಗುಳಲಿಲ್ಲ. ಬಟ್ಟೆ ಎತ್ತಿಕೊಂಡು ಮತ್ತೆ ಹೊಲಿಗೆ ಶುರು ಮಾಡಿದಳು. ಅವತ್ತಿನಿಂದ ಆಯಿ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಓಣಿಯಲ್ಲಿ ಎದುರಾದರೆ, ಉಡಿ ತುಂಬಾಕಿ ಬಂದಳು ದಾರಿ ಬಿಡು ಎಂದು ಕಾಶಮ್ಮನಿಗೆ ಹೇಳುತ್ತಿದ್ದಳು. ಅದರಲ್ಲಿ ಚೇಷ್ಟೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಒಬ್ಬಳನ್ನು ಕುಂಬಾರತಿ ಎನ್ನುವ ಹಾಗೆ, ಇನ್ನೊಬ್ಬಳನ್ನು ಗಾಣಗಿತ್ತಿ ಎನ್ನುವ ಹಾಗೆ ಹೇಳುತ್ತಿದ್ದಳು.

ಆಮೇಲೆ ಊರು ಕೆಟ್ಟ ವರ್ಷಗಳು ಬಂದವು. ಜನ ಗಂಟುಮೂಟೆ ಕಟ್ಟಿಕೊಂಡು ಸೋಲಾಪುರದ ಕಡೆ ಓಡಿದರು, ಕೆಲವರು ವಾಪಸು ಬಂದರು. ಆಯಿ, ಕಾಶಮ್ಮ ಇಬ್ಬರೂ ಎಲ್ಲಿಯೂ ಹೋಗಲಿಲ್ಲ. ಗಲಾಟೆ ತಣ್ಣಗಾಗಿ, ನಿಜಾಮನ ಆಳಿಕೆ ಹೋಗಿ, ಕೆಲವೇ ತಿಂಗಳಿಗೆ ಆಯಿ ತೀರಿಕೊಂಡಳು. ಬೆಳಿಗ್ಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತವಳು ಹಾಗೆಯೇ ಗೋಡೆಗೆ ಒರಗಿದಳಂತೆ.

ನಾನು ಹೋದಾಗ ಮನೆಯೊಳಗೆ ಹೆಂಗಸರು ತುಂಬಿದ್ದರು. ಅಷ್ಟು ಜನ ಹೆಂಗಸರು ಆ ಮನೆಗೆ ಬಂದು ಹೋಗುತ್ತಿದ್ದರೆಂದು ನನಗೆ ಅವತ್ತೇ ತಿಳಿದದ್ದು. ಆಯಿಯನ್ನು ಮೈ ತೊಳೆದು ಗೋಡೆಗೆ ಕೂಡಿಸಿದ್ದರು. ಮೈ ಮೇಲೆ ಕೌದಿ ಹೊದಿಸಿದ್ದರು. ಕಾಶಮ್ಮ ಒಳಗಿನಿಂದ ಒಂದು ತಾಟು ತಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಹೊಸ ಖಣ ಇದ್ದವು. ಒಬ್ಬ ಮುದುಕಿ, ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿ ಎಲ್ಲಿಯದು ಎಂದಳು. ಹೊರಗಿನಿಂದ ಗಂಡಸರೂ ಕೆಮ್ಮಿದರು.

"ಹೆಣ್ಮಗಳನ್ನ ಉಡಿ ತುಂಬಿ ಕಳಸ್ತಾರ" ಎಂದಳು ಕಾಶಮ್ಮ. "ಅಕಿನೂ ಈ ಮನ್ಯಾಗಿನ ಹೆಣ್ಮಗಳು."

ನನ್ನ ತಮ್ಮ ಬದುಕಿದ್ದನಾದ್ದರಿಂದ ಅವಳು ಲೆಕ್ಕಕ್ಕೆ ಮುತ್ತೈದೆಯೇ. ಆಯಿಯ ಸೆರಗು ಹರಡಿ ಮೊದಲ ಹಿಡಿ ಅಕ್ಕಿ ಹಾಕಿದಳು. ಆಮೇಲೆ ಅಲ್ಲಿದ್ದ ಹೆಂಗಸರ ಮುಂದೆ ತಾಟು ಹಿಡಿಯುತ್ತ ಬಂದಳು. ಒಬ್ಬೊಬ್ಬರೇ ಹಿಡಿ ತುಂಬಿ ಹಾಕಿದರು. ಗಂಡ ಸತ್ತವರಿಗೂ ಹಿಡಿದಳು, ಅವರೂ ಹಾಕಿದರು. ನನ್ನ ಸರದಿ ಬಂದಾಗ ನಾನು ತಾಟಿಗೆ ಕೈ ಇಟ್ಟೆ. ಕಾಶಮ್ಮ ತಾಟು ಹಿಂದೆ ಎಳೆದುಕೊಂಡಳು.

"ನಿಮ್ಮ ಕೈಲೆ ಬ್ಯಾಡ್ರಿ ಅಕ್ಕಾ."

ಮೆಲ್ಲಗೆ ಹೇಳಿದಳು, ಮೊದಲ ದಿನ ನಮ್ಮ ಬಾಗಿಲಲ್ಲಿ ನಿಂತು ಅಕ್ಕಾ ಎಂದಿದ್ದ ದನಿಯಲ್ಲಿಯೇ. ನನ್ನ ಅಂಗೈಗೆ ಒಂದು ಕಾಳು ಅಕ್ಕಿ ಅಂಟಿಕೊಂಡಿತ್ತು. ಅವಳು ನನ್ನ ಕೈ ಹಿಡಿದು ಹೊರಳಿಸಿ, ಆ ಕಾಳನ್ನು ಎರಡು ಬೆರಳಿನಿಂದ ಹೆಕ್ಕಿದಳು. ಆಯಿಯ ಉಡಿಗೆ ಹಾಕಲಿಲ್ಲ, ತಾಟಿಗೂ ಹಾಕಲಿಲ್ಲ. ಬಾಗಿಲಿನ ತನಕ ನಡೆದು ಹೋಗಿ ಗಟಾರಕ್ಕೆ ಎಸೆದು ಬಂದಳು.